ಇರುಳಿಗ ಮಹಿಳೆಯರ ಸ್ವಂತ ಉದ್ಯಮವೂ ಗ್ರಾಮಮುಖ್ಯರ ಹೊಣೆಯೂ

ರಾಗಿಯ ಒಕ್ಕಣೆ ಮುಗಿದು ಧಾನ್ಯವು ಮನೆ ಸೇರಿದ ಮೇಲೆ, ಮಾಘ ಫಾಲ್ಗುಣ ಮಾಸಗಳ ವೇಳೆಗೆ, ಬಿಡದಿ ಹೋಬಳಿಯಲ್ಲಿಯೂ ಅದರ ಸುತ್ತಣ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳಲ್ಲಿಯೂ ಹೊಲದ ಬದುಗಳ ಮೇಲಣ ಹುಣಿಸೆಮರಗಳ ಫಲವು ಬಲಿತು ಬಡಿಯುವುದಕ್ಕೆ ಸಿದ್ಧವಾಗುವುದು. ಭೂಮಾಲಿಕರಲ್ಲಿ ಅನೇಕರು ಈ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆದಾರನಿಗೆ ಒಪ್ಪಿಸಿಬಿಡುವರು. ಗುತ್ತಿಗೆದಾರನು ಆಳುಗಳನ್ನು ಹತ್ತಿಸಿ ಕಾಯಿ ಬಡಿಸುವನು. ಆಮೇಲೆ ಓಡು ಒಡೆದು, ನಾರು ಎಳೆದು, ಬೀಜ ಬಿಡಿಸುವ ಕೆಲಸಕ್ಕೆ ಹೆಂಗಸರನ್ನು ಕೂಡಿಸುವನು. ಕಾಡಂಚಿನ ದೊಡ್ಡಿಗಳಲ್ಲಿ ಹೀಗೆ ಕುಳಿತವರ ನಡುವೆ ಇರುಳಿಗ ಜನಾಂಗದ ಹೆಂಗಸರನ್ನು ಕಾಣಬಹುದು. ಫಸಲಿನ ಬೆಲೆಯಲ್ಲಿ ಮರದ ಒಡೆಯನಿಗೆ ಒಂದು ಪಾಲು, ಗುತ್ತಿಗೆದಾರನಿಗೆ ಒಂದು ಪಾಲು, ಪೇಟೆಯ ಮಂಡಿಯವನಿಗೆ ಒಂದು ಪಾಲು ಸಲ್ಲುವುದು. ಕಾಯಿಯನ್ನು ಸರಕನ್ನಾಗಿ ಮಾಡಿದವಳಿಗೆ ಆ ದಿನದ ಕೂಲಿ ಮಾತ್ರ. “ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯು ಇಲ್ಲಿ ಅರ್ಧಕ್ಕೆ ನಿಂತಿರುವುದು: ಕೆಸರಾದ ಕೈ ಒಬ್ಬಳದು, ಮೊಸರುಂಡ ಬಾಯಿ ಬೇರೊಬ್ಬನದು.

ಬುಡಕಟ್ಟಿನ ಹೆಂಗಸರು ಸ್ವಂತ ಉದ್ಯಮವನ್ನು ಕೈಕೊಂಡು ಸ್ವಾವಲಂಬಿಗಳಾಗಬೇಕೆಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುವುದುಂಟು. ಸಾಲ ಕೊಟ್ಟರೆ ಸಾಕು, ಹೊಲಿಗೆಯ ಯಂತ್ರ ಹಂಚಿದರೆ ಸಾಕು, ಮೂರು ದಿನದ ತರಬೇತಿ ನಡೆಸಿದರೆ ಸಾಕು ಎಂದು ಹೇಳುವವರೂ ಉಂಟು. ಇವುಗಳಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಇರುಳಿಗ ಹೆಂಗಸರಿಗೆ ಕೊರತೆಯಾಗಿರುವುದು ಕೌಶಲವೂ ಅಲ್ಲ, ದುಡಿಮೆಯೂ ಅಲ್ಲ. ಅವರಿಗಿಲ್ಲದಿರುವುವು ಮೂರು: ಸರಕಿನ ಮೇಲೆ ಹಕ್ಕು, ಕಣ್ಣೆದುರಿನ ತೂಕ, ತಮ್ಮ ಹೆಸರಿಗೆ ಸೇರುವ ಹಣ. ಈ ಮೂರನ್ನೂ ಒದಗಿಸಿಕೊಡುವ ಶಕ್ತಿಯು ಬಹುಮಟ್ಟಿಗೆ ಗ್ರಾಮದ ಮುಖ್ಯಸ್ಥರಲ್ಲಿಯೂ ಭೂಮಾಲಿಕರಲ್ಲಿಯೂ ಇರುವುದರಿಂದ ಈ ವಿಷಯವನ್ನು ಅವರ ಮುಂದಿಡುವುದು ಉಚಿತವಾಗಿದೆ.

ಇರುಳಿಗರ ಸ್ಥಿತಿ

ಇರುಳಿಗರು ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ಸೇರಿದವರು. 2007ರಲ್ಲಿ ರಾಮನಗರ ಜಿಲ್ಲೆಯೆಂದು ಪ್ರತ್ಯೇಕಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಪಡೆದ ಈ ಸೀಮೆಯ ಬೆಟ್ಟಗುಡ್ಡಗಳ ತಪ್ಪಲುಗಳೇ ಅವರ ಮುಖ್ಯ ನೆಲೆಗಳಲ್ಲಿ ಒಂದು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಗೆಡ್ಡೆಗೆಣಸು, ಬಿದಿರು ಇವುಗಳನ್ನು ಕಾಡಿನಿಂದ ತಂದು ಬದುಕಿದ ಜನಾಂಗವಿದು. ಕಾಡುಗಳು ಕಾಯ್ದಿಟ್ಟ ಅರಣ್ಯಗಳಾದಂತೆಲ್ಲಾ ಅವರ ಓಡಾಟಕ್ಕೆ ತಡೆಯುಂಟಾಯಿತು. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನವು 1974ರಲ್ಲಿಯೂ, ಕಾವೇರಿ ವನ್ಯಜೀವಿಧಾಮವು 1987ರಲ್ಲಿಯೂ, ರಾಮದೇವರ ಬೆಟ್ಟದ ರಣಹದ್ದು ಧಾಮವು 2012ರಲ್ಲಿಯೂ ಏರ್ಪಟ್ಟುವು. ವನ್ಯಪ್ರಾಣಿಗಳಿಗೆ ಆಶ್ರಯ ದೊರೆತುದು ಸಂತೋಷದ ವಿಷಯವೇ ಸರಿ. ಆದರೆ ಬೆಟ್ಟದಿಂದ ಕೆಳಗಿಳಿದ ಕುಟುಂಬಗಳು ತೋಟದ ಕಾವಲಿಗೂ, ಕಲ್ಲುಗಣಿಯ ಕೆಲಸಕ್ಕೂ, ಹೊಲದ ಕೂಲಿಗೂ ಸೇರಬೇಕಾಯಿತು. ಕಾಡಿನ ಬಗೆಗೆ ಅವರಿಗಿದ್ದ ತಿಳಿವಳಿಕೆಯು ಕೂಲಿಯ ಲೆಕ್ಕಕ್ಕೆ ಬಾರದೆ ಹೋಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕುದು. ಕರ್ನಾಟಕದಲ್ಲಿ ಅತ್ಯಂತ ಹಿಂದುಳಿದ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರವು ವಿಶೇಷವಾಗಿ ಗುರುತಿಸಿರುವುದು ಜೇನುಕುರುಬ ಮತ್ತು ಕೊರಗ ಎಂಬ ಎರಡು ಜನಾಂಗಗಳನ್ನು ಮಾತ್ರ. ಆ ವರ್ಗಕ್ಕೆಂದೇ ಬರುವ ಯೋಜನೆಗಳು ಇರುಳಿಗರ ದೊಡ್ಡಿಗಳಿಗೆ ಬರಲಾರವು. ಆದುದರಿಂದ ಇಲ್ಲಿ ಗ್ರಾಮದವರ ಆಸಕ್ತಿಯೇ ಹೆಚ್ಚಿನ ಆಧಾರವಾಗಿರುವುದು.

ಹುಣಿಸೆಯ ಲೆಕ್ಕ

ಹುಣಿಸೆಯ ಉದಾಹರಣೆಯನ್ನೇ ವಿಚಾರಮಾಡಿ ನೋಡಬಹುದು. 100 ಕಿಲೋಗ್ರಾಮ್ ಬಲಿತ ಕಾಯಿಯಲ್ಲಿ ಸುಮಾರು 55 ಕಿಲೋಗ್ರಾಮ್ ತಿರುಳು, 34 ಕಿಲೋಗ್ರಾಮ್ ಬೀಜ, ಉಳಿದ 11 ಕಿಲೋಗ್ರಾಮ್ ಓಡು ಮತ್ತು ನಾರು ಇರುವುವು. ಬೀಜ ತೆಗೆದ ತಿರುಳಿಗೂ ಇಡಿಯ ಕಾಯಿಗೂ ಪೇಟೆಯಲ್ಲಿ ಬೆಲೆಯ ವ್ಯತ್ಯಾಸವು ಬಹಳ. ಬೀಜವೂ ವ್ಯರ್ಥವಲ್ಲ; ಅದರ ಹಿಟ್ಟನ್ನು ನೂಲಿಗೆ ಗಂಜಿಹಾಕುವುದಕ್ಕೆ ಉಪಯೋಗಿಸುವರು. ಹೀಗೆ ಬೆಲೆಯೇರಿಕೆಯೆಲ್ಲವೂ ಹೆಂಗಸರ ಕೈಯಲ್ಲಿ ಆಗುವ ಕೆಲಸದಿಂದಲೇ ಉಂಟಾಗುವುದಾದರೂ, ಆ ಏರಿಕೆಯ ಲಾಭವು ಸರಕಿನ ಒಡೆತನ ಯಾರದೋ ಅವರಿಗೆ ಸೇರುವುದು.

ಭೂಮಾಲಿಕನು ತನ್ನ ಮರಗಳ ಫಸಲನ್ನು ಗುತ್ತಿಗೆದಾರನಿಗೆ ಬದಲಾಗಿ ಊರಿನ ಇರುಳಿಗ ಹೆಂಗಸರ ಸಂಘಕ್ಕೆ ಒಪ್ಪಿಸಿದರೆ ಏನಾಗುವುದು? ಮುಂಗಡ ಕೊಡುವುದಕ್ಕೆ ಅವರಲ್ಲಿ ಹಣವಿಲ್ಲವೆಂಬುದು ನಿಜ. ಆದರೆ ಜಮೀನನ್ನು ವಾರಕ್ಕೆ ಕೊಡುವ ಪದ್ಧತಿಯು ಈ ಸೀಮೆಗೆ ಹೊಸದೇನೂ ಅಲ್ಲ. ಬಡಿದ ದಿನವೇ ಕಣದಲ್ಲಿ ಕಾಯಿಯನ್ನು ತೂಗಿ, ಮೊದಲೇ ಕಾಗದದ ಮೇಲೆ ಬರೆದುಕೊಂಡ ಪ್ರಕಾರ ಒಡೆಯನ ಪಾಲನ್ನು ಕಾಯಿಯಾಗಿಯಾಗಲಿ, ಮಾರಿದ ಮೇಲೆ ಹಣವಾಗಿಯಾಗಲಿ ಕೊಡುವಂತೆ ಏರ್ಪಾಟು ಮಾಡಿಕೊಳ್ಳಬಹುದು. ಗುತ್ತಿಗೆದಾರನು ಮರವನ್ನು ಕಣ್ಣಂದಾಜಿನಿಂದ ಬೆಲೆಕಟ್ಟುವಾಗ ತನ್ನ ನಷ್ಟಭಯವನ್ನೂ ಲಾಭವನ್ನೂ ಕಳೆದೇ ಬೆಲೆ ಹೇಳುವನು. ತೂಕದ ಮೇಲೆ ಪಾಲು ಮಾಡಿಕೊಂಡರೆ ಒಡೆಯನಿಗೆ ತನ್ನ ಮರವು ನಿಜವಾಗಿ ಎಷ್ಟು ಕೊಟ್ಟಿತೆಂಬುದಾದರೂ ತಿಳಿಯುವುದು.

ಸಂಘದವರು ಅನುಸರಿಸತಕ್ಕ ಕ್ರಮವೂ ಕಠಿನವಲ್ಲ. ಕಾಯಿಯನ್ನು ನೆಲದ ಮೇಲೆ ಹರಡದೆ ಶುಚಿಯಾದ ಚಾಪೆಯ ಮೇಲಾಗಲಿ ಟಾರ್ಪಾಲಿನ ಮೇಲಾಗಲಿ ಒಣಗಿಸಬೇಕು. ತಿರುಳಿನಲ್ಲಿ ತೇವವುಳಿದರೆ ಬೂಷ್ಟು ಹಿಡಿಯುವುದು. ಗಾಳಿಯೂ ಶಾಖವೂ ತಗಲಿದರೆ ಬಣ್ಣವು ಬೇಗನೆ ಕಪ್ಪಾಗಿ ಬೆಲೆ ಇಳಿಯುವುದು. ಚೆನ್ನಾಗಿ ಒಣಗಿದುದನ್ನು ಒತ್ತಿ ತುಂಬಿ ತಂಪಾದ ಸ್ಥಳದಲ್ಲಿಟ್ಟರೆ, ಸುಗ್ಗಿಯ ಕಾಲದ ಅಗ್ಗದ ಬೆಲೆಗೆ ಒಂದೇ ಬಾರಿಗೆ ಮಾರದೆ ಕೆಲವು ತಿಂಗಳು ಕಾಯುವುದು ಸಾಧ್ಯವಾಗುವುದು. ಹೀಗೆ ಕಾಯುವುದಕ್ಕೆ ಬೇಕಾದುದು ಒಂದು ಕೊಠಡಿ. ಪಂಚಾಯಿತಿಯ ಕಟ್ಟಡದಲ್ಲಿ ಬರಿದಾಗಿ ಬಿದ್ದಿರುವ ಕೊಠಡಿಯೊಂದನ್ನು ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟರೆ ಅದೇ ದೊಡ್ಡ ಬಂಡವಾಳವಾಗುವುದು.

ಗೂಡಿನ ಮಾರುಕಟ್ಟೆಯ ಪಾಠ

ತೂಕ ಮತ್ತು ಬಹಿರಂಗ ಹರಾಜಿನಿಂದಾಗುವ ಪ್ರಯೋಜನವನ್ನು ಈ ತಾಲ್ಲೂಕುಗಳ ಹಿಪ್ಪುನೇರಳೆ ಬೆಳೆಗಾರರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ರೇಷ್ಮೆಗೂಡನ್ನು ಮನೆಬಾಗಿಲಲ್ಲಿ ದಲ್ಲಾಳಿಗೆ ಕೊಡುತ್ತಿದ್ದ ಕಾಲವೊಂದಿತ್ತು. 1959ರ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ಬಂದು, ಗೂಡಿನ ವ್ಯಾಪಾರವು ಸರ್ಕಾರದ ಮಾರುಕಟ್ಟೆಗಳಲ್ಲಿ ಹರಾಜಿನ ಮೂಲಕವೇ ನಡೆಯತಕ್ಕುದೆಂದು ಗೊತ್ತಾಯಿತು. ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳೆಗಾರನು ತನ್ನ ಗೂಡಿನ ತೂಕವನ್ನು ತಾನೇ ನೋಡುವನು. ರೀಲರುಗಳು ಹರಾಜಿನಲ್ಲಿ ಬೆಲೆಯೇರಿಸುವರು. ಬೆಲೆಯು ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಸ್ವಾತಂತ್ರ್ಯವೂ ಅವನಿಗುಂಟು.

ಗೂಡಿಗೆ ನ್ಯಾಯವಾದುದು ಜೇನಿಗೂ ಹುಣಿಸೆಗೂ ನ್ಯಾಯವಲ್ಲವೆ? ಭೂಮಾಲಿಕನು ತನಗೆ ಬೇಕೆಂದು ಹೋರಾಡಿ ಪಡೆದ ಅನುಕೂಲವನ್ನು ತನ್ನ ಬದುವಿನ ಮರದಡಿಯಲ್ಲಿ ಕುಳಿತಿರುವವಳಿಗೆ ನಿರಾಕರಿಸುವುದು ಧರ್ಮವಾಗಲಾರದು. ಸಂತೆಯ ದಿನ ಪಂಚಾಯಿತಿಯ ಆವರಣದಲ್ಲಿ ಮುದ್ರೆಯೊತ್ತಿದ ತಕ್ಕಡಿಯೊಂದನ್ನಿಟ್ಟು, ಅಂದಿನ ಧಾರಣೆಯನ್ನು ಹಲಗೆಯ ಮೇಲೆ ಬರೆಯಿಸಿದರೆ ಅರ್ಧ ಮೋಸವು ತಾನಾಗಿಯೇ ನಿಲ್ಲುವುದು. ಕಾಡಿನ ಕಿರು ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆ ಗೊತ್ತುಮಾಡುವ ಪದ್ಧತಿಯು 2013-14ರಲ್ಲಿ ಪ್ರಾರಂಭವಾಯಿತು. ಹುಣಿಸೆ, ಕಾಡುಜೇನು, ಹೊಂಗೆಬೀಜ ಮುಂತಾದುವು ಆ ಪಟ್ಟಿಯಲ್ಲಿರುವುವು. ಸರ್ಕಾರದ ಸಂಸ್ಥೆಯು ಕೊಳ್ಳುವುದಕ್ಕೆ ಬಾರದ ಊರಿನಲ್ಲಿಯೂ ಆ ಬೆಲೆಯನ್ನು ತಿಳಿದಿರುವ ಹೆಂಗಸಿಗೂ ತಿಳಿಯದ ಹೆಂಗಸಿಗೂ ವ್ಯಾಪಾರಿಯು ಒಂದೇ ಬೆಲೆಯನ್ನು ಹೇಳಲಾರನು.

ಕಾಯಿದೆಯು ಕೊಟ್ಟುದು, ಊರು ಕೊಡಬೇಕಾದುದು

ಬದುವಿನ ಮರದ ಮಾತು ಭೂಮಾಲಿಕರಿಗೆ ಸೇರಿದರೆ, ಕಾಡಿನ ಮಾತು ಗ್ರಾಮಸಭೆಗೆ ಸೇರಿದುದು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, 2005ನೆಯ ಇಸವಿ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯನ್ನು ಅನುಭವಿಸುತ್ತ ಅಲ್ಲಿಯೇ ಜೀವನೋಪಾಯ ಕಂಡುಕೊಂಡಿರುವ ಬುಡಕಟ್ಟಿನ ಕುಟುಂಬಗಳಿಗೆ 4 ಹೆಕ್ಟೇರಿಗೆ ಮೀರದಂತೆ ಹಕ್ಕು ದೊರೆಯಬಹುದು. ಗಂಡಹೆಂಡಿರಿದ್ದಲ್ಲಿ ಹಕ್ಕುಪತ್ರವು ಇಬ್ಬರ ಹೆಸರಿನಲ್ಲಿಯೂ ಜಂಟಿಯಾಗಿರತಕ್ಕುದು. ವಾಡಿಕೆಯಾಗಿ ಸಂಗ್ರಹಿಸುತ್ತ ಬಂದ ಜೇನು, ಬಿದಿರು, ಮೇಣ, ಅರಗು, ಔಷಧಿಯ ಗಿಡಮೂಲಿಕೆ ಇತ್ಯಾದಿ ಕಿರು ಉತ್ಪನ್ನಗಳ ಒಡೆತನವನ್ನೂ, ಅವುಗಳನ್ನು ಮಾರುವ ಹಕ್ಕನ್ನೂ ಅದೇ ಕಾಯಿದೆಯು ಅವರಿಗೆ ಒಪ್ಪಿಸಿರುವುದು. ಇದನ್ನು ಸಾಮಾನ್ಯವಾದ ಅನುಗ್ರಹವೆಂದು ಎಣಿಸಲಾಗದು. ಒಂದು ಕಾಲಕ್ಕೆ ಕಳ್ಳಮಾಲೆಂದು ಹಿಡಿಯಲ್ಪಡುತ್ತಿದ್ದ ಜೇನಿನ ಗಡಿಗೆಯು, ಹಕ್ಕು ದಾಖಲಾದ ದಿನದಿಂದ ಸ್ವಂತ ಸರಕಾಗುವುದು.

ಆದರೆ “ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ” ಎಂಬಂತಾಗಬಾರದು. ಈ ಕಾಯಿದೆಯ ನಿಯಮಗಳಂತೆ ಗ್ರಾಮಸಭೆಯನ್ನು ಕರೆಯತಕ್ಕುದು ಗ್ರಾಮ ಪಂಚಾಯಿತಿ. ಅಲ್ಲಿ 10ರಿಂದ 15 ಮಂದಿಯ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. 2012ರ ತಿದ್ದುಪಡಿಯ ತರುವಾಯ ಅದರಲ್ಲಿ ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರೂ, ಮೂರರಲ್ಲಿ ಒಂದು ಪಾಲಿಗೆ ಕಡಮೆಯಿಲ್ಲದಷ್ಟು ಹೆಂಗಸರೂ ಇರಬೇಕು. ಸಭೆಗೆ ಸದಸ್ಯರಲ್ಲಿ ಅರ್ಧ ಮಂದಿ ಬರಬೇಕು, ಬಂದವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಾಗಿರಬೇಕು. ಇರುಳಿಗ ಹೆಂಗಸರು ಕೂಲಿಗೆ ಹೋದ ಹೊತ್ತಿನಲ್ಲಿ ಸಭೆಯನ್ನು ಕರೆದು, ಬೆರಳೊತ್ತನ್ನು ಮನೆಯಿಂದ ತರಿಸಿಕೊಂಡರೆ ನಿಯಮವು ಕಾಗದದಲ್ಲಿ ಪೂರೈಸಿದಂತಾಗುವುದೇ ಹೊರತು ಕಾರ್ಯವು ಸಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಹಕ್ಕಿನ ಅರ್ಜಿಗೆ ಬೇಕಾದ ಆಧಾರಗಳಲ್ಲಿ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಯೂ ಒಂದೆಂದು ನಿಯಮಗಳಲ್ಲಿ ಸ್ಪಷ್ಟವಾಗಿದೆ. ಇರುಳಿಗರ ಹಳೆಯ ನೆಲೆ ಎಲ್ಲಿತ್ತು, ಅವರು ಯಾವ ಗುಡ್ಡದಲ್ಲಿ ಜೇನು ಕೀಳುತ್ತಿದ್ದರು, ಯಾವ ಬಯಲಿನಲ್ಲಿ ರಾಗಿ ಬಿತ್ತುತ್ತಿದ್ದರು ಎಂಬುದನ್ನು ಊರಿನ ವಯಸ್ಸಾದ ಯಜಮಾನರು ಬಲ್ಲರು. ಕಾಗದಪತ್ರಗಳಿಲ್ಲದ ಜನಕ್ಕೆ ಆ ಯಜಮಾನರ ನೆನಪೇ ದಾಖಲೆ. ಅವರು ಕಾಲವಾಗುವುದಕ್ಕೆ ಮುಂಚೆ ಅದನ್ನು ಬರೆಯಿಸಿಡುವುದು ಗ್ರಾಮಮುಖ್ಯನು ಮಾಡಬಹುದಾದ, ಕಾಸಿನ ಖರ್ಚಿಲ್ಲದ ಉಪಕಾರ.

ಭೂಮಾಲಿಕರ ಆಕ್ಷೇಪಣೆಗಳು

ಇಷ್ಟನ್ನು ಕೇಳಿದ ಭೂಮಾಲಿಕನ ಮನಸ್ಸಿನಲ್ಲಿ ಏಳುವ ಸಂದೇಹವು ಯಾವುದೆಂಬುದನ್ನು ಮುಚ್ಚಿಡುವುದರಿಂದ ಫಲವಿಲ್ಲ. “ಇವರು ವ್ಯಾಪಾರಕ್ಕೆ ಇಳಿದರೆ ಕಳೆ ಕೀಳುವುದಕ್ಕೂ ಸೊಪ್ಪು ಕೊಯ್ಯುವುದಕ್ಕೂ ಆಳು ಎಲ್ಲಿ?” ಎಂಬುದೇ ಆ ಸಂದೇಹ. ಬಿಡದಿಯ ಸುತ್ತಮುತ್ತ ಇದು ಹುಸಿಭಯವಲ್ಲ. 1990ರ ದಶಕದ ಕೊನೆಯಲ್ಲಿ ಮೋಟಾರು ಕಾರ್ಖಾನೆ ಬಂದಂದಿನಿಂದ ಕೈಗಾರಿಕೆಗಳು ಬೆಳೆದು, ಹಳ್ಳಿಯ ಯುವಕರು ಬೇಸಾಯವನ್ನು ಬಿಟ್ಟಿರುವರು. ಇರುವ ಆಳಿಗೆ ಪೈಪೋಟಿ ಹೆಚ್ಚಿರುವುದು. ಆದರೆ ಆಳುಗಳನ್ನು ಕರೆದುಕೊಂಡದ್ದು ಕಾರ್ಖಾನೆಯೇ ಹೊರತು ಹುಣಿಸೆಯ ಸಂಘವಲ್ಲ. ಹುಣಿಸೆಯ ಕೆಲಸವು ರಾಗಿಯ ಒಕ್ಕಣೆಗೂ ಮುಂಗಾರಿನ ಬಿತ್ತನೆಗೂ ನಡುವಣ ಬಿಡುವಿನ ತಿಂಗಳುಗಳಲ್ಲಿ ಬರುವುದು. ಊರಿನಲ್ಲಿಯೇ ಸಂಪಾದನೆಯ ಮಾರ್ಗವುಳ್ಳ ಕುಟುಂಬವು ಊರಿನಲ್ಲಿ ನಿಲ್ಲುವುದು. ಇಲ್ಲದಿರುವ ಕುಟುಂಬವು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಟುಕಟ್ಟುವುದು. ಕೂಲಿಯ ದರವು ಸ್ವಲ್ಪ ಏರಬಹುದೆಂಬುದು ನಿಜವೇ. ಆ ಏರಿಕೆಯನ್ನು ತಡೆಯುವುದಕ್ಕಾಗಿ ಒಂದು ಜನಾಂಗವನ್ನು ಬಡತನದಲ್ಲಿಯೇ ಇಟ್ಟಿರಬೇಕೆನ್ನುವ ವಾದವನ್ನು ಮಾತ್ರ ಯಾವ ಮರ್ಯಾದಸ್ಥನೂ ಸಭೆಯಲ್ಲಿ ನಿಂತು ಆಡಲಾರನು.

ಮುಂಗಡ ಕೊಟ್ಟು ಕುಟುಂಬವನ್ನು ತೋಟದಲ್ಲಿಯೇ ಹಿಡಿದಿಟ್ಟುಕೊಳ್ಳುವ ವಾಡಿಕೆಯ ವಿಷಯದಲ್ಲಿಯೂ ಎಚ್ಚರವು ಅಗತ್ಯ. ಸಾಲದ ಹೆಸರಿನಲ್ಲಿ ಒಬ್ಬರ ದುಡಿಮೆಯನ್ನೂ ಓಡಾಟದ ಸ್ವಾತಂತ್ರ್ಯವನ್ನೂ ಕಟ್ಟಿಹಾಕುವುದು ಜೀತವೆನಿಸುವುದು. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಮೇರೆಗೆ ಅದಕ್ಕೆ ಮೂರು ವರ್ಷದವರೆಗೆ ಸೆರೆಮನೆವಾಸದ ಶಿಕ್ಷೆಯುಂಟು. ಅಂತಹ ಸಾಲವು ತೀರಿಹೋದಂತೆಯೇ ಎಣಿಕೆ.

ಹೆಂಗಸರಿಗೆ ಲೆಕ್ಕ ತಿಳಿಯದೆಂಬುದು ಎರಡನೆಯ ಆಕ್ಷೇಪಣೆ. ಈಚಿನ ವರ್ಷಗಳಲ್ಲಿ ಶಾಲೆಗೆ ಹೋದ ಹುಡುಗಿಯರು ಆ ದೊಡ್ಡಿಗಳಲ್ಲಿಯೂ ಇರುವರು. ತೂಕದ ಪುಸ್ತಕವನ್ನು ಅವರಿಂದಲೇ ಬರೆಯಿಸಬಹುದು. 2000ನೆಯ ಇಸವಿಯಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಹೆಂಗಸರ ಕೈಯಿಂದಲೇ ಉಳಿತಾಯದ ಲೆಕ್ಕವನ್ನಿಡಿಸಿರುವುವು. ಇರುಳಿಗ ಹೆಂಗಸರನ್ನು ಊರಿನ ದೊಡ್ಡ ಸಂಘಕ್ಕೆ ಹೆಸರಿಗೆ ಮಾತ್ರ ಸೇರಿಸಿ ಹಿಂದೆ ಕೂರಿಸುವುದಕ್ಕಿಂತ, ಅವರ ದೊಡ್ಡಿಯಲ್ಲಿಯೇ ಹತ್ತಿಪ್ಪತ್ತು ಮಂದಿಯ ಪ್ರತ್ಯೇಕ ಸಂಘವನ್ನು ಕಟ್ಟಿ, ಬ್ಯಾಂಕಿನ ಖಾತೆಯನ್ನು ಅವರ ಹೆಸರಿನಲ್ಲಿಯೇ ತೆರೆಯುವುದು ಮೇಲು. ಮಾರಾಟದ ಹಣವು ಗಂಡಸರ ಕೈಗೆ ಸೇರಿದರೆ ಉದ್ಯಮವು ಯಾರ ಹೆಸರಿನಲ್ಲಿದ್ದರೂ ಒಂದೇ.

ಇತರ ಪ್ರಾಂತಗಳ ಅನುಭವ

ಇದೆಲ್ಲವೂ ಬರಿಯ ಆಸೆಯ ಮಾತೆಂದು ತಿಳಿಯಬೇಕಾದುದಿಲ್ಲ. ಹೆಸರಿನಲ್ಲಿಯೂ ಕಸುಬಿನಲ್ಲಿಯೂ ಇರುಳಿಗರಿಗೆ ಹತ್ತಿರದವರಾದ ಇರುಳರು ತಮಿಳುನಾಡಿನಲ್ಲಿ ಹಾವು ಹಿಡಿದು ಚರ್ಮದ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದ ಆ ವ್ಯಾಪಾರವು ನಿಂತುಹೋದಾಗ, 1978ರಲ್ಲಿ ಚೆನ್ನೈ ಬಳಿ ಅವರದೇ ಸಹಕಾರ ಸಂಘವು ಏರ್ಪಟ್ಟಿತು. ಹಾವಿನ ವಿಷವನ್ನು ತೆಗೆದು, ಹಾವನ್ನು ಮರಳಿ ಕಾಡಿಗೆ ಬಿಟ್ಟು, ಆ ವಿಷವನ್ನು ಔಷಧ ತಯಾರಕರಿಗೆ ಒದಗಿಸುವ ಕಾರ್ಯವನ್ನು ಸಂಘವು ಕೈಕೊಂಡಿತು. ಹೆಂಗಸರೂ ಅದರ ಸದಸ್ಯರಾಗಿರುವರು. 1986ರಲ್ಲಿ ಚೆಂಗಲ್ಪಟ್ಟಿನ ಬಳಿಯ ತಂಡರೈ ಎಂಬಲ್ಲಿ ಇರುಳ ಹೆಂಗಸರದೇ ಸಂಘವೊಂದು ಸ್ಥಾಪಿತವಾಗಿ, ಔಷಧಿಯ ಗಿಡಗಳ ಸಸಿಮಡಿಗಳನ್ನು ಬೆಳೆಸುವ ಕೆಲಸವನ್ನು ನಡೆಯಿಸಿತು. ಎರಡು ಕಡೆಗಳಲ್ಲಿಯೂ ಹಳೆಯ ತಿಳಿವಳಿಕೆಗೆ ಕಾಯಿದೆಯ ಒಪ್ಪಿಗೆಯೂ ಸ್ವಂತ ಸಂಘವೂ ದೊರೆತುದೇ ಕಾರ್ಯಸಿದ್ಧಿಗೆ ಕಾರಣ.

ಈ ರಾಜ್ಯದಲ್ಲಿಯೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಸಾಮೂಹಿಕ ಅರಣ್ಯ ಹಕ್ಕು ದೊರೆಯಿತು; ಹುಲಿಗಳಿಗಾಗಿ ಕಾಯ್ದಿಟ್ಟ ಪ್ರದೇಶದೊಳಗೆ ಅಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಆ ಬೆಟ್ಟವು ಎಚ್ಚರಿಕೆಯ ಪಾಠವನ್ನೂ ಕಲಿಸುವುದು. ಲಂಟಾನದ ಪೊದೆಗಳು ಹಬ್ಬಿ, ಮರಗಳಿಗೆ ಬಂದಳಿಕೆ ಹತ್ತಿ, ಅಲ್ಲಿಯ ನೆಲ್ಲಿಕಾಯಿಯ ಇಳುವರಿಯು ಕುಗ್ಗಿಹೋಯಿತು. ಕಾಡಿನ ಒಂದೇ ಫಲವನ್ನು ನಂಬಿದ ಉದ್ಯಮವು ಕಾಡು ಸೊರಗಿದರೆ ತಾನೂ ಸೊರಗುವುದು.

ಈ ಸೀಮೆಯ ಬಂಡೆಬೆಟ್ಟಗಳಲ್ಲಿ ದೊರೆಯುವ ಮಾಕಳಿಬೇರಿಗೂ ಇದೇ ಮಾತು ಸಲ್ಲುವುದು. ಉಪ್ಪಿನಕಾಯಿಗಾಗಿ ಬೇರನ್ನು ಅಗೆದರೆ ಬಳ್ಳಿಯೇ ಸಾಯುವುದು. ಗಿರಾಕಿ ಹೆಚ್ಚಿದಂತೆ ಬಳ್ಳಿ ಕಡಮೆಯಾಗುತ್ತಿರುವ ಇಂತಹ ಸಸ್ಯಗಳನ್ನು ಸಸಿಮಾಡಿ ಹೊಲದ ಅಂಚಿನಲ್ಲಿ ಬೆಳೆಯಿಸಬೇಕೇ ಹೊರತು ಕಾಡಿನಿಂದಲೇ ತರುತ್ತಿರುವುದು ವಿವೇಕವಲ್ಲ. ಬಿದಿರಿನ ವಿಷಯದಲ್ಲಿ ಭೂಮಾಲಿಕರ ಸಹಾಯವು ಇನ್ನೂ ಸುಲಭ. ಅರಣ್ಯೇತರ ಭೂಮಿಯಲ್ಲಿ ಬೆಳೆದ ಬಿದಿರನ್ನು 2017ರಲ್ಲಿ ಭಾರತ ಅರಣ್ಯ ಕಾಯಿದೆಯ ‘ಮರ’ ಎಂಬ ಪದದ ಅರ್ಥದಿಂದ ಕೈಬಿಡಲಾಯಿತು. ಹಳ್ಳದ ದಂಡೆಯಲ್ಲಿ ಒಂದಿಷ್ಟು ಬಿದಿರುಮೆಳೆಗಳನ್ನು ಬೆಳೆಸಿದ ರೈತನು ಬುಟ್ಟಿ, ಮೊರ, ರೇಷ್ಮೆಹುಳುವಿನ ಚಂದ್ರಿಕೆ ಹೆಣೆಯುವವರಿಗೆ ಸರಕನ್ನು ಒದಗಿಸಿ ತಾನೂ ಲಾಭ ಹೊಂದಬಹುದು.

ಮಾರಾಟದ ಮಾತು

ಬಿಡದಿಯಿಂದ ಬೆಂಗಳೂರಿಗೆ ಸುಮಾರು 35 ಕಿಲೋಮೀಟರಿಗಿಂತ ಹೆಚ್ಚಿಲ್ಲ. ತಟ್ಟೆ ಇಡ್ಲಿಗೆಂದು ಬಿಡದಿಯಲ್ಲಿ ಇಳಿಯುತ್ತಿದ್ದ ಪ್ರಯಾಣಿಕರನ್ನು ನಂಬಿ ರಸ್ತೆಯ ಬದಿಯಲ್ಲಿ ಹಣ್ಣುಹಂಪಲು ಮಾರುತ್ತಿದ್ದವರು ಅನೇಕರಿದ್ದರು. 2023ನೆಯ ಮಾರ್ಚ್ ತಿಂಗಳಲ್ಲಿ ಹೊಸ ಮೈಸೂರು ಹೆದ್ದಾರಿಯು ತೆರೆದ ಮೇಲೆ ಅನೇಕ ವಾಹನಗಳು ಊರುಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತಿರುವುವು. ಆದುದರಿಂದ ಹೊಸ ಸಂಘಗಳು ರಸ್ತೆಬದಿಯ ಅಂಗಡಿಯನ್ನೇ ನೆಚ್ಚದೆ, ಕಾರ್ಖಾನೆಗಳ ಊಟದಮನೆ, ವಿದ್ಯಾರ್ಥಿನಿಲಯ, ಹೋಟಲು ಮುಂತಾದ ಸ್ಥಿರವಾದ ಗಿರಾಕಿಗಳನ್ನು ಹುಡುಕಿಕೊಳ್ಳುವುದು ಲೇಸು. ಇಂತಹ ಸ್ಥಳಗಳಿಗೆ ಹೋಗಿ ಮಾತನಾಡುವುದಕ್ಕೆ ಮೊದಮೊದಲು ಹೆಂಗಸರು ಹಿಂಜರಿಯಬಹುದು. ಪಂಚಾಯಿತಿಯ ಅಧ್ಯಕ್ಷರೋ ಊರಿನ ಹಿರಿಯರೋ ಒಂದು ಸಲ ಜೊತೆಗೆ ಹೋದರೆ ಎರಡನೆಯ ಸಲ ಅವರೇ ಹೋಗುವರು. ಆಹಾರದ ಪದಾರ್ಥಗಳನ್ನು ಮಾರುವುದಕ್ಕೆ ಬೇಕಾದ ನೋಂದಣಿಯನ್ನು ಮೊದಲೇ ಮಾಡಿಸತಕ್ಕುದು. ಜೇನಿನಲ್ಲಿ ನೀರಿನ ಅಂಶವು ನೂರಕ್ಕೆ 20ನ್ನು ಮೀರಬಾರದೆಂಬ ನಿಯಮವಿರುವುದರಿಂದ, ಹಲ್ಲೆಯಲ್ಲಿ ಮುಚ್ಚಳ ಬಿದ್ದು ಹದವಾದ ಜೇನನ್ನು ಮಾತ್ರ ಇಳಿಸಬೇಕು. ಹಸಿಜೇನು ಬೇಗನೆ ಹುಳಿಯುವುದು.

ಮುಂದಿನ ಸುಗ್ಗಿಗೆ ಮುಂಚೆ ಮಾಡಬೇಕಾದುದು ಇಷ್ಟೆ. ಗ್ರಾಮಮುಖ್ಯನು ಹೆಂಗಸರು ಬರಬಹುದಾದ ಹೊತ್ತಿನಲ್ಲಿ ಗ್ರಾಮಸಭೆಯನ್ನು ಕರೆಯಿಸಿ ಹಿರಿಯರ ಹೇಳಿಕೆಗಳನ್ನು ಬರೆಯಿಸಲಿ. ಒಂದು ತಕ್ಕಡಿಯನ್ನೂ ಒಂದು ಕೊಠಡಿಯನ್ನೂ ಒದಗಿಸಲಿ. ಭೂಮಾಲಿಕನು ತನ್ನ ಹತ್ತು ಮರಗಳಲ್ಲಿ ಎರಡನ್ನಾದರೂ ಪರೀಕ್ಷಾರ್ಥವಾಗಿ ಸಂಘಕ್ಕೆ ಪಾಲಿನ ಮೇಲೆ ಒಪ್ಪಿಸಲಿ. ಉಳಿದ ಎಂಟನ್ನು ಗುತ್ತಿಗೆದಾರನಿಗೇ ಕೊಟ್ಟು, ಸುಗ್ಗಿ ಮುಗಿದ ಮೇಲೆ ಎರಡು ಲೆಕ್ಕಗಳನ್ನೂ ಪಕ್ಕದಲ್ಲಿಟ್ಟು ನೋಡಲಿ. ಹೊಸ ಬಿತ್ತನೆಯ ಬೀಜವನ್ನು ಮೊದಲು ಒಂದು ಗುಂಟೆಯಲ್ಲಿ ಬಿತ್ತಿ ನೋಡುವುದು ಬೇಸಾಯಗಾರನ ವಾಡಿಕೆ. ಇಷ್ಟು ವರ್ಷ ಅವನ ಹೊಲದಲ್ಲಿ ದುಡಿದವರನ್ನು ಎರಡು ಮರಗಳ ಮಟ್ಟಿಗೆ ನಂಬಿ ನೋಡುವುದರಲ್ಲಿ ಅವನಿಗೆ ಆಗುವ ನಷ್ಟವೇನೂ ಕಾಣುವುದಿಲ್ಲ.